ಯುದ್ಧದ ಸಮಯದ ವಾಟ್ಸಾಪ್: ನಿಮ್ಮ ಮನೆಯ ಗ್ರೂಪಿನಲ್ಲಿ ಏನಾಯಿತು?

ಕುಂಬಳೆ_ಕಡಲು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಸಮಯ ಇದ್ದಾಗ ಓದಿ.

2025ರ ಮೇ 8ರ ರಾತ್ರಿ. ಆಪರೇಷನ್ ಸಿಂಧೂರ ಶುರುವಾಗಿ ಎರಡನೇ ದಿನ. ನಮ್ಮ ಕುಟುಂಬದ ಗ್ರೂಪಿಗೆ ಮಾವ ಒಂದು ವಿಡಿಯೋ ಹಾಕಿದರು. ದೊಡ್ಡ ಬೆಂಕಿ, ಕಪ್ಪು ಹೊಗೆ. ಗುಜರಾತಿನ ಹಜೀರಾ ಬಂದರಿಗೆ ಪಾಕಿಸ್ತಾನ ಬಾಂಬ್ ಹಾಕಿದೆ ಅಂತ ಕೆಳಗೆ ಕನ್ನಡದಲ್ಲಿ ಬರೆದಿತ್ತು. ಅರ್ಧ ಗಂಟೆಯಲ್ಲಿ ಅದೇ ವಿಡಿಯೋ ನನ್ನ ಕಾಲೇಜಿನ ಗ್ರೂಪಿಗೆ ಮಲಯಾಳಂ ಬರಹದ ಜೊತೆ ಬಂತು. ಬೆಳಿಗ್ಗೆ ಇನ್ನೊಂದು: ಎರಡು ಮೂರು ದಿನ ಎಟಿಎಂ ಎಲ್ಲ ಬಂದ್. ಅಪ್ಪ ಚಹಾ ಅರ್ಧಕ್ಕೆ ಬಿಟ್ಟು, ಅಂಗಿ ಹಾಕಿಕೊಂಡು ಪೇಟೆಗೆ ಹೋದರು. ಅಲ್ಲಿ ಆಗಲೇ ಸಾಲು ನಿಂತಿತ್ತಂತೆ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಆ ವಿಡಿಯೋದ ಕೆಳಗೆ ಮಾವ ಎರಡು ಸಾಲು ಸೇರಿಸಿದ್ದರು. ನಮ್ಮ ಮನೆ ಹತ್ತಿರದ ದಿನಸಿ ಅಂಗಡಿಯವರ ಬಗ್ಗೆ. ಅವರು ಬೇರೆ ಧರ್ಮದವರು. ಇವತ್ತು ಆ ಮನೆಯಲ್ಲಿ ಎಷ್ಟು ಖುಷಿಯೋ ನೋಡಬೇಕು ಅಂತ. ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದು ಹೊರಗೆ ಕಳಿಸಿದರು. ಮೂರು ದಿನ ಕಳೆದ ಮೇಲೆ ಅಂಗಡಿಯವರ ಮಗ ಅದನ್ನು ನನ್ನ ಅಪ್ಪನಿಗೇ ತೋರಿಸಿದ.

ನಾನು ಹುಟ್ಟುವ ಮೊದಲಿಂದ ನಮಗೆ ಆ ಅಂಗಡಿಯಲ್ಲಿ ಲೆಕ್ಕದ ಪುಸ್ತಕ ಇತ್ತು. ಉದ್ದನೆಯ ಪುಸ್ತಕ, ಮೂಲೆಯೆಲ್ಲ ಎಣ್ಣೆ ಕಲೆ, ರಟ್ಟಿನ ಮೇಲೆ ಅಜ್ಜನ ಹೆಸರು. ಅಡಿಕೆ ಮಾರಿದಾಗ ಅಪ್ಪ ಲೆಕ್ಕ ಚುಕ್ತಾ ಮಾಡುತ್ತಿದ್ದರು. ಆ ದಿನ ಅಂಗಡಿಯವರು ಒಂದು ಮಾತೂ ಆಡಲಿಲ್ಲ. ಕೊನೆಯ ಪುಟಕ್ಕೆ ಅಡ್ಡಗೆರೆ ಎಳೆದು ಪುಸ್ತಕವನ್ನು ಅಪ್ಪನ ಕೈಗೆ ಕೊಟ್ಟರು. ಅಷ್ಟು ಹೊತ್ತಿಗೆ ಕದನ ವಿರಾಮ ಆಗಿ ಒಂದು ದಿನ ಕಳೆದಿತ್ತು. ಪುಸ್ತಕ ಈಗಲೂ ನಮ್ಮ ಕಪಾಟಿನಲ್ಲಿದೆ.

ನನ್ನ ಪ್ರಶ್ನೆ ಇದು. ಯುದ್ಧ ಬಂದಾಗ ಸರ್ಕಾರಗಳೇ ಸಾಮಾಜಿಕ ಜಾಲತಾಣಕ್ಕೆ ಇಳಿಯುತ್ತವೆ. ನಮ್ಮದು, ಅವರದು, ಎಲ್ಲರದ್ದೂ. ಆಗ ನಮ್ಮಂಥವರು ಯಾವುದನ್ನು ನಂಬಬೇಕು? ನಿಮ್ಮ ಮನೆಯಲ್ಲಿ ನೀವೇನು ಮಾಡಿದಿರಿ?

ಸೀತಾಂಗೋಳಿ_ಸ್ಟುಡಿಯೋ:
ಹಜೀರಾ ವಿಡಿಯೋ ನನಗೂ ಬಂದಿತ್ತು. ಅದು 2021ರ ಜುಲೈ 7ರ ತೈಲ ಟ್ಯಾಂಕರ್ ಸ್ಫೋಟದ ವಿಡಿಯೋ. ಪಿಐಬಿ (ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ) ಫ್ಯಾಕ್ಟ್ ಚೆಕ್‌ನವರು ಆಗಲೇ ಹೇಳಿದ್ದರು. ಎಟಿಎಂ ಸುದ್ದಿಯೂ ಸುಳ್ಳು ಅಂತ ಅವರೇ ಹಾಕಿದ್ದರು. ಕರಾಚಿ ಹೊತ್ತಿ ಉರಿಯುತ್ತಿದೆ ಅಂತ ಓಡಿದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಮಾನ ಬಿದ್ದ ವಿಡಿಯೋ.

ಪೆರ್ಲದ_ತೋಟ:
ಓದಿ ಬೇಜಾರಾಯಿತು. ಆ ಪುಸ್ತಕ ಬಿಸಾಡಬೇಡಿ.

ಮುಳ್ಳೇರಿಯ_ಮಾಜಿಸೈನಿಕ:
ತಂಗಿ, ನಿಮ್ಮ ಮಾವ ಮಾಡಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ನೀವು ಎಲ್ಲ ಸರ್ಕಾರಗಳನ್ನೂ ಒಂದೇ ತಕ್ಕಡಿಗೆ ಹಾಕುತ್ತಿದ್ದೀರಿ. ನಾನು 17 ವರ್ಷ ಸೇನೆಯಲ್ಲಿ ಇದ್ದವನು. ಯುದ್ಧದಲ್ಲಿ ಸರ್ಕಾರ ಎಲ್ಲವನ್ನೂ ಹೇಳುವುದಕ್ಕೆ ಆಗುವುದಿಲ್ಲ. ನಮ್ಮ ವಿಮಾನ ಎಲ್ಲಿಂದ ಹಾರಿತು, ಎಷ್ಟು ವಾಪಸ್ ಬಂತು ಅಂತ ಆ ಕ್ಷಣಕ್ಕೆ ಹೇಳಿದರೆ ಕೇಳಿಸಿಕೊಳ್ಳುವುದು ಶತ್ರು ಕೂಡ. 26/11ರಲ್ಲಿ ಟಿವಿ ನೇರ ಪ್ರಸಾರದಿಂದ ಎಷ್ಟು ತೊಂದರೆ ಆಯಿತು ಅಂತ ಎಲ್ಲರಿಗೂ ಗೊತ್ತು. ಅದಕ್ಕೇ 2025ರ ಏಪ್ರಿಲ್ 26ಕ್ಕೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಸೇನೆಯ ಚಲನವಲನದ ನೇರ ಪ್ರಸಾರ ಮಾಡಬೇಡಿ ಅಂತ ಚಾನೆಲ್‌ಗಳಿಗೆ ಹೇಳಿತು. ನಾನು ಅದರ ಪರ.

ಇನ್ನೊಂದು ವಿಷಯ. ಸುಳ್ಳು ಪೇಜು ನಡೆಸುವ ಕೆಲಸ ಆ ಕಡೆಯಿಂದ ಹೊಸತಲ್ಲ. 2019ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ 103 ಪೇಜು, ಗ್ರೂಪು, ಖಾತೆಗಳನ್ನು ತೆಗೆದುಹಾಕಿತು. ಪಾಕಿಸ್ತಾನ ಸೇನೆಯ ಪ್ರಚಾರ ವಿಭಾಗದ ನೌಕರರಿಗೂ ಅವಕ್ಕೂ ನಂಟಿದೆ ಅಂತ ಫೇಸ್‌ಬುಕ್ಕೇ ಹೇಳಿತು.

ಗಡಿನಾಡ_ವಕೀಲ:
ಹೇಳದೆ ಇರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಮೊದಲನೆಯದನ್ನು ನಾನೂ ಒಪ್ಪುತ್ತೇನೆ.

ಆದರೆ ಒಂದೇ ಕಡೆಯವರು ಮಾಡುತ್ತಾರೆ ಅನ್ನುವುದು ಸರಿಯಲ್ಲ. 2022ರ ನವೆಂಬರ್‌ನಲ್ಲಿ ಅದೇ ಕಂಪನಿ, ಅಷ್ಟರಲ್ಲಿ ಅದರ ಹೆಸರು ಮೆಟಾ ಆಗಿತ್ತು, ಅಮೆರಿಕದ ಸೇನೆಯ ಜೊತೆ ನಂಟಿದ್ದವರು ನಡೆಸುತ್ತಿದ್ದ ಸುಳ್ಳು ಖಾತೆಗಳನ್ನು ತೆಗೆದ ವಿಷಯ ಹೇಳಿತು. 2024ರ ಜೂನ್‌ನಲ್ಲಿ ರಾಯ್ಟರ್ಸ್ ಇನ್ನೂ ದೊಡ್ಡದನ್ನು ಹೊರಗೆ ತಂದಿತು. ಕೋವಿಡ್ ಸಮಯದಲ್ಲಿ ಅಮೆರಿಕದ ಸೇನೆ ಫಿಲಿಪೀನ್ಸ್ ಜನರ ಹೆಸರಲ್ಲಿ ಸುಳ್ಳು ಖಾತೆ ಮಾಡಿ, ಚೀನಾದ ಲಸಿಕೆ ಹಾಕಿಸಿಕೊಳ್ಳಬೇಡಿ ಅಂತ ಹಬ್ಬಿಸಿತ್ತು. ಯುದ್ಧವೂ ಇರಲಿಲ್ಲ ಆಗ. ಅಲ್ಲಿನ ಬಡವರು ಏನು ತಪ್ಪು ಮಾಡಿದ್ದರು ಹೇಳಿ.

ಮುಳ್ಳೇರಿಯ_ಮಾಜಿಸೈನಿಕ:
ನಾನು ಅಮೆರಿಕದ ಬಗ್ಗೆ ಮಾತಾಡಲಿಲ್ಲ. ನಮ್ಮ ಸೇನೆಯ ಬಗ್ಗೆ ಹೇಳಿದೆ. ಸಿಂಧೂರದ ಸಮಯದಲ್ಲಿ ದಿನಾ ಬಂದು ಮಾತಾಡಿದವರು ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ, ಕರ್ನಲ್ ಸೋಫಿಯಾ ಖುರೇಷಿ, ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್. ಎಷ್ಟು ತೂಕದ ಮಾತು! ಒಂದು ಕೂಗಾಟ ಇತ್ತಾ ಅಲ್ಲಿ? ಕೂಗಾಡಿದ್ದು ಟಿವಿ ಸ್ಟುಡಿಯೋಗಳು. ಕರಾಚಿ ಬಂದರು ಉಡೀಸ್ ಅಂದಿದ್ದು ಸೇನೆಯಲ್ಲ. ಸೇನೆಯನ್ನೂ ಚಾನೆಲ್ಲನ್ನೂ ಬೇರೆ ಬೇರೆ ನೋಡಿ ಅಂತ ಕೇಳುತ್ತಿದ್ದೇನೆ.

ಕುಂಬಳೆ_ಕಡಲು:
ಇದನ್ನು ಒಪ್ಪುತ್ತೇನೆ ಅಣ್ಣ. ಆ ಇಬ್ಬರು ಮಹಿಳಾ ಅಧಿಕಾರಿಗಳು ಮಾತಾಡುವಾಗ ಅಮ್ಮ ಒಲೆ ಆರಿಸಿ ಬಂದು ಕೂತು ನೋಡಿದ್ದರು.

ಮಂಜೇಶ್ವರ_ಪ್ಯಾಸೆಂಜರ್:
ಅದೇ ಮಿಸ್ರಿ ಅವರಿಗೆ ಏನಾಯಿತು ನೆನಪಿದೆಯಾ? ಕದನ ವಿರಾಮ ಘೋಷಣೆ ಓದಿದ್ದಕ್ಕೆ ಅವರನ್ನೂ ಮನೆಯವರನ್ನೂ ಬೈದರು. ಎಕ್ಸ್ ಖಾತೆಗೆ ಬೀಗ ಹಾಕಿಕೊಂಡರು. ಅದಕ್ಕೂ ಮೊದಲು, ಪಹಲ್ಗಾಮ್‌ನಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬರು ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ಮುಗಿಬೀಳಬೇಡಿ ಅಂದರು. ಅವರನ್ನೂ ಬಿಡಲಿಲ್ಲ. ಮಹಿಳಾ ಆಯೋಗ ಮಧ್ಯೆ ಬಂದು ಇದು ತಪ್ಪು ಅಂತ ಹೇಳಬೇಕಾಯಿತು. ಬೆಂಕಿ ಹಚ್ಚುವುದು ಸುಲಭ ಮಾರಾಯ್ರೆ. ಸರ್ಕಾರ ಸಾಕು ಅಂದಾಗ ಅದು ಆರುವುದಿಲ್ಲ.

ತಾಳಮದ್ದಳೆ_ಪ್ರಿಯ:
ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಲ್ಲಿ ಕೂತು ಇದನ್ನು ಹೊಸ ವಿಷಯ ಅಂತ ಹೇಗೆ ಹೇಳುವುದು? ದ್ರೋಣರು ಬಿಲ್ಲು ಕೆಳಗಿಡಬೇಕು. ಅದಕ್ಕೆ ಅಶ್ವತ್ಥಾಮ ಸತ್ತ ಅಂತ ಹೇಳಬೇಕು. ಭೀಮ ಹೇಳಿದರೆ ದ್ರೋಣರು ನಂಬುವುದಿಲ್ಲ. ಹಾಗಾಗಿ ಧರ್ಮರಾಯನ ಬಾಯಿಂದ ಹೇಳಿಸಿದರು. ಜೀವಮಾನದಲ್ಲಿ ಸುಳ್ಳು ಹೇಳದವನ ಮಾತು ಅನ್ನುವ ಕಾರಣಕ್ಕೇ ಅದಕ್ಕೆ ಬೆಲೆ. ಆನೆ ಅನ್ನುವ ಮಾತು ಮಾತ್ರ ಮೆಲ್ಲಗೆ ಬಂತು.

ನಮ್ಮೂರಿನ ಒಂದು ತಾಳಮದ್ದಳೆ ಕೂಟದಲ್ಲಿ ದ್ರೋಣನ ಪಾತ್ರ ವಹಿಸಿದ ಹಿರಿಯರು ಒಂದು ಪ್ರಶ್ನೆ ಕೇಳಿದ್ದರು. ನನ್ನನ್ನು ಕೊಲ್ಲುವುದಕ್ಕೆ ಬಾಣ ಇರಲಿಲ್ಲವೇ ಧರ್ಮಜ, ನಿನ್ನ ನಾಲಿಗೆಯೇ ಬೇಕಾಯಿತೇ ಅಂತ. ಸಭೆಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು.

ಪೆರ್ಲದ_ತೋಟ:
ಧರ್ಮರಾಯನ ರಥ ಅಲ್ಲಿವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಹೋಗುತ್ತಿತ್ತಂತೆ. ಆ ಮಾತಿನ ನಂತರ ಕೆಳಗಿಳಿಯಿತು. ಅಜ್ಜಿ ಯಾವಾಗಲೂ ಹೇಳುವುದು.

ಮಂಜೇಶ್ವರ_ಪ್ಯಾಸೆಂಜರ್:
ಆ ಕೂಟ ಎಲ್ಲಿ ನಡೆದದ್ದು? ರೆಕಾರ್ಡಿಂಗ್ ಇದ್ದರೆ ಕಳಿಸಿ.

ತಾಳಮದ್ದಳೆ_ಪ್ರಿಯ:
ರೆಕಾರ್ಡಿಂಗ್ ಇಲ್ಲ. ನಾನು ಆಗ ಹೈಸ್ಕೂಲು.

ನೀರ್ಚಾಲು_ನೆಟ್:
ವಿಷಯಕ್ಕೆ ಬರೋಣ. ಉಕ್ರೇನ್ ನೋಡಿ. 2022ರಲ್ಲಿ ಕೀವ್‌ನ ಭೂತ ಅಂತ ಒಬ್ಬ ವೀರ ಪೈಲಟ್ ಬಗ್ಗೆ ಡೀಪ್‌ಫೇಕ್ (ಕಂಪ್ಯೂಟರಿನಲ್ಲಿ ಮುಖ, ದನಿ ನಕಲು ಮಾಡಿದ) ವಿಡಿಯೋ ಮಾಡಿ ಇಡೀ ಪ್ರಪಂಚವನ್ನು ನಂಬಿಸಿದರು.

ಸೀತಾಂಗೋಳಿ_ಸ್ಟುಡಿಯೋ:
ಸಣ್ಣ ತಿದ್ದುಪಡಿ. ಅದು ಡೀಪ್‌ಫೇಕ್ ಅಲ್ಲ, ವಿಮಾನ ಹಾರಿಸುವ ಒಂದು ಕಂಪ್ಯೂಟರ್ ಗೇಮಿನ ದೃಶ್ಯ. ಉಕ್ರೇನಿನ ಅಧಿಕೃತ ಖಾತೆಗಳೂ ಆ ಕಥೆಯನ್ನು ಮೆರೆಸಿದವು. 2022ರ ಏಪ್ರಿಲ್ ಕೊನೆಗೆ ಅಲ್ಲಿನ ವಾಯುಪಡೆಯೇ ಇದು ಜನ ಕಟ್ಟಿದ ದಂತಕಥೆ ಅಂತ ಒಪ್ಪಿಕೊಂಡಿತು. ಡೀಪ್‌ಫೇಕ್ ಬಂದಿದ್ದು ಆ ವರ್ಷ ಮಾರ್ಚ್ 16ಕ್ಕೆ. ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ತಮ್ಮ ಸೈನಿಕರಿಗೆ ಶರಣಾಗಿ ಅನ್ನುವ ಹಾಗೆ ಮಾಡಿದ್ದರು. ಅದು ಬಾಳಲಿಲ್ಲ. ತಲೆಗೂ ಕುತ್ತಿಗೆಗೂ ತಾಳೆ ಆಗುತ್ತಿರಲಿಲ್ಲ. ಅದಕ್ಕಿಂತ ಮುಖ್ಯ ಏನೆಂದರೆ ಝೆಲೆನ್‌ಸ್ಕಿ ಯುದ್ಧದ ಎರಡನೇ ದಿನವೇ, ಫೆಬ್ರವರಿ 25ರ ರಾತ್ರಿ, ಕೀವ್‌ನ ಬೀದಿಯಲ್ಲಿ ನಿಂತು ಫೋನಿನಲ್ಲೇ ವಿಡಿಯೋ ಮಾಡಿ ನಾವೆಲ್ಲ ಇಲ್ಲೇ ಇದ್ದೇವೆ ಅಂದಿದ್ದರು. ಆಮೇಲೆ ದಿನಾ ಮಾತಾಡುತ್ತಿದ್ದರು. ಜನರಿಗೆ ಆ ಮುಖ, ಆ ದನಿ ಅಭ್ಯಾಸ ಆಗಿತ್ತು. ಸುಳ್ಳನ್ನು ಕೂಡಲೇ ಹಿಡಿದರು.

ನಮ್ಮಲ್ಲಿ 2025ರ ಮೇಯಲ್ಲಿ ಬಂದ ಡೀಪ್‌ಫೇಕ್ ಹೆಚ್ಚು ನಯವಾಗಿತ್ತು. ಪಾಕಿಸ್ತಾನ ಸೇನೆಯ ವಕ್ತಾರ ತಮ್ಮ ಎರಡು ವಿಮಾನ ಹೋಯಿತು ಅಂತ ಒಪ್ಪಿಕೊಳ್ಳುವ ಹಾಗೆ. ಕೆಲವು ಸುದ್ದಿ ಸಂಸ್ಥೆಗಳೂ ಅದನ್ನು ನಿಜ ಅಂತ ಹಾಕಿದವು. ನಾನು ದಿನಾ ಮದುವೆ ವಿಡಿಯೋ ಎಡಿಟ್ ಮಾಡುವವನು. ನನಗೂ ಎರಡು ಸಲ ನೋಡಬೇಕಾಯಿತು. ಕೊನೆಗೆ ಸಿಕ್ಕಿಬಿದ್ದದ್ದು ತುಟಿ. ಪ, ಬ, ಮ ಹೇಳುವಾಗ ತುಟಿ ಮುಚ್ಚಲೇಬೇಕು. ನೀವೂ ಹೇಳಿ ನೋಡಿ. ಆ ವಿಡಿಯೋದಲ್ಲಿ ಕೆಲವು ಕಡೆ ಮುಚ್ಚುತ್ತಿರಲಿಲ್ಲ.

ನೀರ್ಚಾಲು_ನೆಟ್:
ತಿದ್ದಿದ್ದಕ್ಕೆ ಧನ್ಯವಾದ. ಗೇಮ್ ವಿಡಿಯೋ ಗುರುತಿಸುವುದು ಹೇಗೆ?

ಸೀತಾಂಗೋಳಿ_ಸ್ಟುಡಿಯೋ:
ಆರ್ಮಾ 3 ಅಂತ ಒಂದು ಗೇಮ್ ಇದೆ. ಯಾವ ಯುದ್ಧ ಬಂದರೂ ಅದರ ದೃಶ್ಯ ಬಂದೇ ಬರುತ್ತದೆ. ಅದನ್ನು ಮಾಡಿದ ಚೆಕ್ ದೇಶದ ಕಂಪನಿಯೇ 2022ರಲ್ಲಿ ಗುರುತಿಸುವುದು ಹೇಗೆ ಅಂತ ತಿಳಿಸಿತು. ವಿಡಿಯೋ ಬೇಕೆಂದೇ ಮಸುಕು ಇರುತ್ತದೆ. ಹೆಚ್ಚಾಗಿ ರಾತ್ರಿ. ಕ್ಯಾಮೆರಾ ಅಲುಗಾಡುತ್ತಿರುತ್ತದೆ. ಮನುಷ್ಯರು ಹತ್ತಿರದಿಂದ ಕಾಣುವುದಿಲ್ಲ, ಯಾಕೆಂದರೆ ಗೇಮಿನಲ್ಲಿ ಮನುಷ್ಯರ ನಡಿಗೆ ಸಹಜವಾಗಿ ಬರುವುದಿಲ್ಲ. ಬೇರೆ ವಿಡಿಯೋ ಆದರೆ ನಿಲ್ಲಿಸಿ ಒಂದು ಚಿತ್ರ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ. ಹಳೇ ವಿಡಿಯೋ ಆದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಹಳೇ_ರೇಡಿಯೋ:
ನಾನು 1990ರಲ್ಲಿ ಕುವೈತ್‌ನಲ್ಲಿ ಇದ್ದೆ. ಆಗಸ್ಟ್ 2ರ ಬೆಳಿಗ್ಗೆ ಇರಾಕಿನ ಸೇನೆ ಒಳಗೆ ಬಂತು. ಮನೆಗೆ ಫೋನಿಲ್ಲ, ಪತ್ರ ಇಲ್ಲ. ಎರಡು ತಿಂಗಳು ಅಮ್ಮನಿಗೆ ನಾನು ಬದುಕಿದ್ದೇನೋ ಸತ್ತಿದ್ದೇನೋ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಇರಾಕ್ ದಾಟಿ ಜೋರ್ಡಾನಿನ ಅಮ್ಮಾನ್‌ಗೆ ಬಂದು, ಅಲ್ಲಿಂದ ಏರ್ ಇಂಡಿಯಾದಲ್ಲಿ ಮುಂಬೈಗೆ. ನಮ್ಮಂತೆ ಸುಮಾರು 1,70,000 ಜನರನ್ನು ಕರೆತಂದರು. ನಮ್ಮ ಕಾಸರಗೋಡಿನವರು ಎಷ್ಟೋ ಮಂದಿ ಇದ್ದರು.

ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ. ಇರಾಕಿ ಸೈನಿಕರು ಆಸ್ಪತ್ರೆಯಲ್ಲಿ ಹಸುಗೂಸುಗಳನ್ನು ಇನ್‌ಕ್ಯುಬೇಟರ್‌ನಿಂದ ತೆಗೆದು ನೆಲಕ್ಕೆ ಹಾಕಿದರಂತೆ, ಹೌದಾ ಅಂತ. ನಾನು ಅಲ್ಲಿ ಕೇಳಿರಲಿಲ್ಲ. ಆದರೆ ಅಷ್ಟು ಜನ ಹೇಳಿದಾಗ ನಾನೂ ಹೌದು ಅಂದುಬಿಟ್ಟೆ. ಅಲ್ಲಿದ್ದು ಬಂದವನು ನಾನು, ನನ್ನ ಮಾತನ್ನು ಊರು ನಂಬಿತು. ಆ ವರ್ಷ ಅಕ್ಟೋಬರ್‌ನಲ್ಲಿ ಒಬ್ಬ ಹುಡುಗಿ ಅಮೆರಿಕದ ಸಂಸದರ ಎದುರು ಅತ್ತು ಅದನ್ನು ಹೇಳಿದ್ದಳು. ಅಧ್ಯಕ್ಷರೇ ಮತ್ತೆ ಮತ್ತೆ ಅದನ್ನು ಎತ್ತಿದರು. 1992ರಲ್ಲಿ ಗೊತ್ತಾಯಿತು, ಅವಳು ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು, ಹಿಂದೆ ಒಂದು ಪ್ರಚಾರ ಕಂಪನಿ ಇತ್ತು, ಆ ಕಥೆಗೆ ಆಧಾರ ಸಿಗಲಿಲ್ಲ ಅಂತ. ಇರಾಕಿಗಳು ಮಾಡಿದ ಅನ್ಯಾಯ ಬೇಕಾದಷ್ಟಿತ್ತು, ಕಣ್ಣಾರೆ ಕಂಡಿದ್ದೇನೆ. ಆದರೂ ಅದರ ಮೇಲೆ ಒಂದು ಸುಳ್ಳು ಬೇಕಾಯಿತು.

ಸುಳ್ಳು ಅಂತ ಗೊತ್ತಾದಾಗ ನಾನು ಯಾರಿಗೂ ಹೋಗಿ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಕುಂಬಳೆ_ಕಡಲು:
ಅಜ್ಜ, ಇದನ್ನು ಬರೆದಿದ್ದಕ್ಕೆ ನಿಮಗೆ ನಮಸ್ಕಾರ.

ದೋಹಾ_ಕಾಸ್ರೋಡು:
2025ರ ಜೂನ್ 23. ಕತಾರಿನಲ್ಲಿರುವ ಅಮೆರಿಕದ ಅಲ್ ಉದೈದ್ ಸೇನಾ ನೆಲೆಗೆ ಇರಾನ್ ಕ್ಷಿಪಣಿ ಬಿಟ್ಟ ರಾತ್ರಿ. ನಾನು ದೋಹಾದ ಕೋಣೆಯಲ್ಲಿ ಇದ್ದೆ. ಸದ್ದು ಕೇಳಿತು, ಆಕಾಶದಲ್ಲಿ ಬೆಳಕು ಕಂಡಿತು. ಹತ್ತು ನಿಮಿಷದಲ್ಲಿ ಉಪ್ಪಳದಿಂದ ಅಮ್ಮನ ಕರೆ. ಅವರು ಅಳುತ್ತಿದ್ದಾರೆ. ಅವರ ಫೋನಿಗೆ ದೋಹಾದ ಕಟ್ಟಡಗಳೆಲ್ಲ ಕುಸಿದು ಬಿದ್ದ ವಿಡಿಯೋ ಬಂದಿದೆ. ನಾನು ಕಿಟಕಿ ತೆಗೆದು ವಿಡಿಯೋ ಕರೆಯಲ್ಲಿ ರಸ್ತೆ ತೋರಿಸಿದೆ. ಕೆಳಗಿನ ಕ್ಯಾಫೆಟೇರಿಯಾದಲ್ಲಿ ಜನ ನಿಂತಿದ್ದರು. ಆಗ ನಂಬಿದರು.

ಆದರೆ ಕತಾರ್ ವಾಯುಮಾರ್ಗ ಮುಚ್ಚಿದ್ದು ನಿಜವಾಗಿತ್ತು. ನನ್ನ ಜೊತೆಯವನಿಗೆ ಮರುದಿನ ಊರಿಗೆ ಟಿಕೆಟ್ ಇತ್ತು. ಅವನು ಅದನ್ನೂ ಸುಳ್ಳು ಅಂದುಕೊಂಡು ಪೆಟ್ಟಿಗೆ ಕಟ್ಟಿ ಕೂತಿದ್ದ. ಸುಳ್ಳು ಜಾಸ್ತಿ ಆದರೆ ನಿಜಕ್ಕೂ ಬೆಲೆ ಹೋಗುತ್ತದೆ, ಅಲ್ವಾ? ನನಗೆ ಅದೇ ಹೆಚ್ಚು ಹೆದರಿಕೆ.

ನೀರ್ಚಾಲು_ನೆಟ್:
ಹಾಗಾದರೆ ಸರ್ಕಾರದ ಖಾತೆ ಮಾತ್ರ ನೋಡಿದರೆ ಸಾಕಲ್ವಾ? ನೀಲಿ ಗುರುತು ಇರುವುದು?

ಗಡಿನಾಡ_ವಕೀಲ:
ಸಾಕಾಗುವುದಿಲ್ಲ. ಮೇ 9ರಂದು ಕರಾಚಿ ಪೋರ್ಟ್ ಟ್ರಸ್ಟ್‌ನ ಅಧಿಕೃತ ಖಾತೆಯಲ್ಲೇ ಬಂದರಿಗೆ ಹಾನಿ ಆಗಿದೆ ಅಂತ ಬಂತು. ಆಮೇಲೆ ಖಾತೆ ಹ್ಯಾಕ್ ಆಗಿತ್ತು ಅಂದರು. ಅಲ್ಲಿನ ಆರ್ಥಿಕ ವ್ಯವಹಾರ ವಿಭಾಗದ ಖಾತೆಯಲ್ಲಿ ಸಾಲ ಕೊಡಿ ಅಂತ ಬಂತು. ಅದೂ ಹ್ಯಾಕ್ ಅಂದರು.

ಇನ್ನು ಮುಚ್ಚಿಸುವ ವಿಷಯ. ಮೇ 8ಕ್ಕೆ ಎಕ್ಸ್ ಕಂಪನಿ ಹೇಳಿದ್ದು: ಭಾರತ ಸರ್ಕಾರ 8,000ಕ್ಕೂ ಜಾಸ್ತಿ ಖಾತೆ ತಡೆಯಲು ಆದೇಶ ಕೊಟ್ಟಿದೆ, ಹೆಚ್ಚಿನವುಗಳಲ್ಲಿ ಯಾವ ಪೋಸ್ಟ್ ಕಾನೂನು ಮೀರಿದೆ ಅಂತ ತಿಳಿಸಿಲ್ಲ. ಅದರಲ್ಲಿ ಸುದ್ದಿ ಸಂಸ್ಥೆಗಳ ಖಾತೆಗಳೂ ಇದ್ದವು. ಕಾರಣ ಹೇಳದೆ ಬಾಯಿ ಮುಚ್ಚಿಸಿದರೆ ಜನ ಸುಮ್ನೆ ಕೂರುವುದಿಲ್ಲ, ಗುಸುಗುಸು ಶುರುಮಾಡುತ್ತಾರೆ.

ಮುಳ್ಳೇರಿಯ_ಮಾಜಿಸೈನಿಕ:
ಪಾಕಿಸ್ತಾನ 2024ರ ಫೆಬ್ರವರಿಯಿಂದ ತನ್ನ ಜನರಿಗೆ ಎಕ್ಸ್ ಅನ್ನೇ ಬಂದ್ ಮಾಡಿತ್ತು. ಮೇ 7ಕ್ಕೆ, ಯುದ್ಧ ಶುರುವಾದ ದಿನವೇ, ತೆರೆಯಿತು. ಯಾಕೆ ತೆರೆಯಿತು ಹೇಳಿ? ತನ್ನ ಜನರೆಲ್ಲ ಬಂದು ನಮ್ಮ ವಿರುದ್ಧ ಬರೆಯಲಿ ಅಂತ. ಅಷ್ಟೊಂದು ಖಾತೆ ಒಟ್ಟಿಗೆ ಸುಳ್ಳು ಹರಡುವಾಗ ಒಂದೊಂದಕ್ಕೂ ಕಾರಣ ಬರೆಯುತ್ತಾ ಕೂರಲು ಆಗುತ್ತದಾ? ಆಗ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿದ್ದ (ಸಿಡಿಎಸ್) ಜನರಲ್ ಅನಿಲ್ ಚೌಹಾಣ್ ಸಿಂಗಾಪುರದಲ್ಲಿ ಹೇಳಿದ್ದಾರೆ, ಆಪರೇಷನ್ ಸಮಯದ ನೂರಕ್ಕೆ 15ರಷ್ಟು ಸುಳ್ಳು ಕಥೆಗಳನ್ನು ಎದುರಿಸುವುದಕ್ಕೇ ಹೋಯಿತು ಅಂತ. ಗಡಿಯಲ್ಲಿ ಇರುವವನಿಗೆ ಅದು ಎಷ್ಟು ದೊಡ್ಡ ಹೊರೆ ಅಂತ ನನಗೆ ಗೊತ್ತು.

ಗಡಿನಾಡ_ವಕೀಲ:
ಅದೇ ಸಿಂಗಾಪುರದಲ್ಲಿ, ಮೇ 31ಕ್ಕೆ, ನಾವೂ ವಿಮಾನ ಕಳೆದುಕೊಂಡೆವು ಅಂತ ಅವರೇ ಒಪ್ಪಿಕೊಂಡರು. ಯಾಕೆ ಬಿತ್ತು, ಏನು ಕಲಿತೆವು ಅನ್ನುವುದು ಮುಖ್ಯ ಅಂದರು. ನನಗೆ ಅವರ ಮೇಲೆ ಗೌರವ ಜಾಸ್ತಿ ಆಯಿತು. ಆದರೆ ಆ ಮೂರು ವಾರದಲ್ಲಿ ಅದೇ ಮಾತನ್ನು ಹೇಳಿದ ಎಷ್ಟು ಜನ ದೇಶದ್ರೋಹಿ ಅನ್ನಿಸಿಕೊಂಡರು?

ಮುಳ್ಳೇರಿಯ_ಮಾಜಿಸೈನಿಕ:
ಅದು ತಪ್ಪು. ಹಾಗೆ ಕರೆಯಬಾರದಿತ್ತು. ನಾನೂ ಒಬ್ಬರಿಗೆ ಹಾಗೆ ಅಂದಿದ್ದೆ.

ಬದಿಯಡ್ಕ_ಟೀಚರ್:
ಅಂಗಡಿ ಪುಸ್ತಕದ ವಿಷಯ ಓದಿ ನನಗೆ ಮ್ಯಾನ್ಮಾರ್ ನೆನಪಾಯಿತು. ಅಲ್ಲಿ ಇಂಟರ್ನೆಟ್ ಅಂದರೆ ಫೇಸ್‌ಬುಕ್ ಅನ್ನುವ ಕಾಲ ಇತ್ತು. ಸೇನೆಯವರು ಹಾಡು, ಸಿನಿಮಾ ತಾರೆಯರ ಹೆಸರಲ್ಲಿ ಪೇಜು ತೆರೆದು, ಜನ ಸೇರಿದ ಮೇಲೆ ರೋಹಿಂಗ್ಯಾಗಳ ವಿರುದ್ಧ ವಿಷ ತುಂಬಿದರು. 2018ರಲ್ಲಿ ಸೇನೆ ಒಂದು ಪುಸ್ತಕವನ್ನೂ ತಂದಿತು. ರೋಹಿಂಗ್ಯಾಗಳು ಕೊಂದ ಜನ ಅಂತ ಅದರಲ್ಲಿದ್ದ ಒಂದು ಫೋಟೋ 1971ರ ಬಾಂಗ್ಲಾದೇಶ ಯುದ್ಧದ್ದು. ರಾಯ್ಟರ್ಸ್ ಅದನ್ನು ಹಿಡಿಯಿತು. 2017ರ ಆಗಸ್ಟ್ ನಂತರ 7 ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟು ಓಡಿದ್ದರು. ಅಲ್ಲೂ ಪಕ್ಕದ ಮನೆಯವರು, ಅಂಗಡಿಯವರು ಅಂತಲೇ ಬದುಕಿದ್ದವರು.

ಶಾಲೆಯ ಒಂದು ವಿಷಯ ಹೇಳುತ್ತೇನೆ. ಕೇರಳದಲ್ಲಿ 2024ರಿಂದ 5 ಮತ್ತು 7ನೇ ತರಗತಿಯ ಐಸಿಟಿ (ಕಂಪ್ಯೂಟರ್ ಪಾಠದ) ಪುಸ್ತಕದಲ್ಲಿ ಸುಳ್ಳು ಸುದ್ದಿ ಗುರುತಿಸುವ ಪಾಠ ಇದೆ. ನಮ್ಮ ಗಡಿನಾಡಿನ ಮಕ್ಕಳಿಗೆ ಅದು ಕನ್ನಡದಲ್ಲೇ ಸಿಗುತ್ತದೆ. ನಾನು ಅದನ್ನು ಪಾಠ ಮಾಡಿದ ದಿನ ಒಬ್ಬ ಹುಡುಗ ಎದ್ದು ಕೇಳಿದ: ಟೀಚರ್, ಅಪ್ಪನೇ ಕಳಿಸಿದ್ದಾದರೆ? ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ.

ಪೆರ್ಲದ_ತೋಟ:
ಟೀಚರ್ ಹೇಳಿದ್ದರಿಂದ ನನಗೆ ಒಂದು ಹೊಳೆಯಿತು. ಸುಳ್ಳು ಮನೆಗೆ ಯಾವ ಭಾಷೆಯಲ್ಲಿ ಬರುತ್ತದೆ ನೋಡಿ. ನನ್ನ ಅಮ್ಮನಿಗೆ ಬಂದದ್ದು ತುಳುವಿನಲ್ಲಿ ಮಾತಾಡಿದ ಒಂದು ಆಡಿಯೋ. ಪಕ್ಕದ ಮನೆಯ ಹೆಂಗಸು ಮಾತಾಡಿದ ಹಾಗೆ. ಮಕ್ಕಳನ್ನು ಹೊರಗೆ ಬಿಡಬೇಡಿ, ಅಕ್ಕಿ ತಂದಿಟ್ಟುಕೊಳ್ಳಿ ಅಂತ ಎಷ್ಟು ಪ್ರೀತಿಯಿಂದ! ಅದು ಸುಳ್ಳು ಅಂತ ಹೇಳುವ ಪೋಸ್ಟ್ ಬಂದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಮೇಲೆ ಒಂದು ಕೆಂಪು ಮುದ್ರೆ. ಅಮ್ಮನಿಗೆ ಅದು ಬ್ಯಾಂಕಿನ ನೋಟಿಸ್ ಹಾಗೆ ಕಂಡಿತು. ಮಲಯಾಳಂ ಟಿವಿಯಲ್ಲಿ ಸರಿಯಾಗಿ ಹೇಳಿದರು, ಆದರೆ ಅಮ್ಮನಿಗೆ ಮಲಯಾಳಂ ಅಷ್ಟು ಬರುವುದಿಲ್ಲ. ನಾನು ಮನೆಯಲ್ಲೇ ಇದ್ದೆ. ಅವರ ಪಕ್ಕ ಕೂತು ಹೇಳಲಿಲ್ಲ. ಇಂಗ್ಲಿಷ್ ಲಿಂಕ್ ಗ್ರೂಪಿಗೆ ಹಾಕಿ ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ದೋಹಾ_ಕಾಸ್ರೋಡು:
ನೂರಕ್ಕೆ ನೂರು ನಿಜ. ಸುಳ್ಳು ಅಮ್ಮನ ದನಿಯಲ್ಲಿ ಬರುತ್ತದೆ.

ಮಂಜೇಶ್ವರ_ಪ್ಯಾಸೆಂಜರ್:
ಏಳು ಭಾಷೆಯ ಊರು ಅಂತ ನಾವು ಹೆಮ್ಮೆಪಡುತ್ತೇವೆ. ಒಂದೇ ಸುಳ್ಳು ಏಳು ಬಾಗಿಲಿಂದ ಒಳಗೆ ಬಂತು. ಆದರೆ ನಮ್ಮಲ್ಲಿ ಒಂದು ಅನುಕೂಲವೂ ಉಂಟು. ನನ್ನ ಹತ್ತಿರ ಕನ್ನಡ ಗ್ರೂಪಿನಲ್ಲಿ ಒಂದು ಫೋಟೋ ನಮ್ಮವರು ಗೆದ್ದದ್ದು ಅಂತ ಬಂದಿತ್ತು. ಅದೇ ಫೋಟೋ ಇನ್ನೊಂದು ಭಾಷೆಯ ಗ್ರೂಪಿನಲ್ಲಿ ನಮ್ಮವರು ಸೋತದ್ದು ಅಂತ ಬಂತು. ಎರಡೂ ಓದಲು ಬರುವುದರಿಂದಲೇ ನನಗೆ ಅನುಮಾನ ಬಂತು. ಒಂದೇ ಭಾಷೆಯವರಿಗೆ ಆ ಅವಕಾಶ ಎಲ್ಲಿ?

ನೀರ್ಚಾಲು_ನೆಟ್:
ಪಿಐಬಿಯನ್ನು 2019ರಲ್ಲಿ ಶುರುಮಾಡಿದರು. ಇಷ್ಟು ವರ್ಷದಲ್ಲಿ ಕನ್ನಡದ ಕಡೆ ಇನ್ನೂ ಜಾಸ್ತಿ ಗಮನ ಕೊಡಬಹುದಿತ್ತು.

ಗಡಿನಾಡ_ವಕೀಲ:
ಪಿಐಬಿ ಬ್ರಿಟಿಷರ ಕಾಲದ್ದು, 1919ರಿಂದ ಇದೆ. 2019ರಲ್ಲಿ ಬಂದದ್ದು ಅದರ ಫ್ಯಾಕ್ಟ್ ಚೆಕ್ ವಿಭಾಗ. ಸರ್ಕಾರದ ಬಗ್ಗೆ ಯಾವುದು ಸುಳ್ಳು ಅಂತ ಸರ್ಕಾರದ ಘಟಕವೇ ತೀರ್ಮಾನಿಸುವ ಒಂದು ನಿಯಮ ತಂದಿದ್ದರು. 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ತೀರ್ಪು ಕೊಡುವವನೂ ವಾದಿಯೂ ಒಬ್ಬನೇ ಆಗಬಾರದು. ಹಾಗಂತ ಹಜೀರಾ, ಎಟಿಎಂ ಇಂಥದ್ದರಲ್ಲಿ ಅವರು ಮಾಡಿದ ಕೆಲಸ ಒಳ್ಳೆಯದೇ.

ಬದಿಯಡ್ಕ_ಟೀಚರ್:
ಮೇ 7ರ ಸಂಜೆ 4 ಗಂಟೆಗೆ ಕೇರಳದ 14 ಜಿಲ್ಲೆಗಳಲ್ಲೂ ಅಣಕು ಕವಾಯತು ನಡೆಯಿತಲ್ಲ. ಆ ದಿನಗಳಲ್ಲಿ ಟಿವಿಯವರೂ ಸುದ್ದಿಯ ಮಧ್ಯೆ ಸೈರನ್ ಹಾಕುತ್ತಿದ್ದರು. ನನ್ನ ಅತ್ತೆಗೆ ಯಾವುದು ಟಿವಿಯ ಸೈರನ್, ಯಾವುದು ಹೊರಗಿನದು ಗೊತ್ತಾಗದೆ ಮಂಚದ ಕೆಳಗೆ ಕೂತಿದ್ದರು. 78 ವರ್ಷ ಅವರಿಗೆ. ಕೊನೆಗೆ ಕೇಂದ್ರದವರೇ ಕಾರ್ಯಕ್ರಮದಲ್ಲಿ ಸೈರನ್ ಸದ್ದು ಹಾಕಬೇಡಿ ಅಂತ ಚಾನೆಲ್‌ಗಳಿಗೆ ಸೂಚನೆ ಕೊಟ್ಟರು. ಅಷ್ಟು ಹೊತ್ತಿಗೆ ಮೇ 10 ಬಂದಿತ್ತು.

ಹಳೇ_ರೇಡಿಯೋ:
1971ರಲ್ಲಿ ಊರಿಗೆ ಒಂದು ರೇಡಿಯೋ ಇತ್ತು. ರಾತ್ರಿ ಸುದ್ದಿಗೆ ಎಲ್ಲರೂ ಒಂದೇ ಜಗಲಿಯಲ್ಲಿ ಕೂರುತ್ತಿದ್ದರು. ಅಂಗಡಿಯವರು, ಭಟ್ಟರು, ಮೀನು ಮಾರುವವರು, ಎಲ್ಲ. ಆಗಲೂ ಸರ್ಕಾರ ತನಗೆ ಬೇಕಾದ್ದನ್ನೇ ಹೇಳುತ್ತಿತ್ತು. ಆದರೆ ಪಕ್ಕದಲ್ಲಿ ಕೂತವನ ಮುಖ ನೋಡಿಕೊಂಡು ಅವನ ಬಗ್ಗೆ ಕೆಟ್ಟ ಮಾತು ಆಡಲು ಬಾಯಿ ಬರುತ್ತಿರಲಿಲ್ಲ.

ಮುಳ್ಳೇರಿಯ_ಮಾಜಿಸೈನಿಕ:
ಟೀಚರ್, ಆ ಹುಡುಗನಿಗೆ ಏನು ಉತ್ತರ ಕೊಟ್ಟಿರಿ?

ಬದಿಯಡ್ಕ_ಟೀಚರ್:
ಮರುದಿನ ಹೇಳಿದೆ. ಎಲ್ಲರೆದುರು ಗ್ರೂಪಿನಲ್ಲಿ ತಿದ್ದಬೇಡ. ಅಪ್ಪ ಊಟಕ್ಕೆ ಕೂತಾಗ ಪಕ್ಕದಲ್ಲಿ ಕೂತು, ನಾವು ಶಾಲೆಯಲ್ಲಿ ಒಂದು ಕಲಿತೆವು, ತೋರಿಸಲಾ ಅಂತ ಕೇಳು ಅಂದೆ. ಅವನು ಕೇಳಿದನಂತೆ. ಅಪ್ಪನಿಗೆ ಲೆನ್ಸ್ ಬಳಸಲು ಕಲಿಸಿದನಂತೆ. ಈಗ ಅಪ್ಪ ಅಡಿಕೆಯ ರೋಗಕ್ಕೂ ಅದರಲ್ಲೇ ಎಲೆಯ ಫೋಟೋ ತೆಗೆದು ನೋಡುತ್ತಾರಂತೆ.

ಪೆರ್ಲದ_ತೋಟ:
ಎಲೆಚುಕ್ಕಿ ರೋಗಕ್ಕೆ ಅದು ಸರಿಯಾಗಿ ಹೇಳುತ್ತದಾ? ನಮ್ಮ ತೋಟದಲ್ಲಿ ಈ ಸಲ ತುಂಬಾ ಇದೆ.

ಬದಿಯಡ್ಕ_ಟೀಚರ್:
ಅದಕ್ಕೆ ಮಾತ್ರ ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಗೇ ಹೋಗಿ ತೋರಿಸಿ. ಫೋನ್ ನಂಬಬೇಡಿ.

ಕುಂಬಳೆ_ಕಡಲು:
ಎರಡು ದಿನ ಉತ್ತರಿಸಲು ಆಗಲಿಲ್ಲ, ಕ್ಷಮಿಸಿ. ಪೆರ್ಲದವರು ಬರೆದದ್ದು ತಲೆಯಲ್ಲಿ ಕೂತಿತು. ನಾನೂ ಅವತ್ತು ಮಾವನಿಗೆ ಕಳಿಸಿದ್ದು ಇಂಗ್ಲಿಷ್ ಲಿಂಕೇ. ಮಾವ ಅದನ್ನು ತೆರೆದೇ ಇರಲಿಲ್ಲ ಅಂತ ಈಗ ಗೊತ್ತಾಯಿತು.

ನಿನ್ನೆ ಅವರ ಮನೆಗೆ ಹೋಗಿದ್ದೆ. ಸೀತಾಂಗೋಳಿಯವರು ಹೇಳಿದ ಹಾಗೆ ಹಜೀರಾ ವಿಡಿಯೋ ನಿಲ್ಲಿಸಿ, ಅವರ ಫೋನಿನಲ್ಲೇ ಹುಡುಕಿ, 2021ರ ಸುದ್ದಿ ತೋರಿಸಿದೆ. ಕನ್ನಡಕ ಹಾಕಿಕೊಂಡು ದಿನಾಂಕವನ್ನು ಎರಡು ಸಲ ಓದಿದರು. ಕುವೈತ್‌ನ ಅಜ್ಜ ಬರೆದದ್ದನ್ನೂ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಅತ್ತೆ ಕೊಟ್ಟ ಚಹಾ ತಣ್ಣಗಾಯಿತು. ಹೊರಡುವಾಗ ಗೇಟಿನ ತನಕ ಬಂದು ಕೇಳಿದರು: ಆ ಪುಸ್ತಕ ನಿಮ್ಮ ಮನೆಯಲ್ಲೇ ಇದೆಯಾ?

ಇದೆ ಅಂದೆ. ಭಾನುವಾರ ಬರುತ್ತೇನೆ, ತೆಗೆದಿಡು ಅಂದರು. ಅಂಗಡಿಗೆ ಹೋಗುತ್ತಾರೋ ಏನು ಮಾಡುತ್ತಾರೋ ಹೇಳಲಿಲ್ಲ. ಅಪ್ಪನಿಗೆ ಹೇಳಿದ್ದೇನೆ. ಅಪ್ಪ ಕಪಾಟಿನಿಂದ ತೆಗೆದು ಧೂಳು ಒರೆಸಿ ಮೇಜಿನ ಮೇಲೆ ಇಟ್ಟಿದ್ದಾರೆ.

ಹಳೇ_ರೇಡಿಯೋ:
ಭಾನುವಾರ ಏನಾಯಿತು ಅಂತ ಬರೆಯಮ್ಮ.